ಸೇತುವೆಯವರೆಗೆ ಹೋಗಿ ಬಂದವಳು

ಮಾರ್ಚ್ 3

ಅಕ್ಕಾ,

ಎಂಟನೆಯ ಅಧ್ಯಾಯದ ಹಾಳೆಗಳು ಮೊನ್ನೆ ತಲುಪಿದವು. ಮಗು ತೊಡೆಯ ಮೇಲೆ ಮಲಗಿದ್ದಾಗ ಓದಿದೆ. ಪುಟ ಮಗುಚುವ ಸದ್ದಿಗೂ ಎದ್ದುಬಿಡುತ್ತಾನೆ, ಹಾಗಾಗಿ ಒಂದೊಂದು ಹಾಳೆಯನ್ನೂ ಕಳ್ಳಿಯ ಹಾಗೆ ಎಳೆದುಕೊಳ್ಳಬೇಕಾಯಿತು. ಯಾವಾಗಿನ ಹಾಗೆ ಅಂಚಿನಲ್ಲಿ ಪೆನ್ಸಿಲ್ಲಿನ ಗುರುತು ಹಾಕಿದ್ದೇನೆ. ಹದಿನಾಲ್ಕನೆಯ ಹಾಳೆಯಲ್ಲಿರುವ ಹಳದಿ ಕಲೆ ನನ್ನ ಟೀಕೆಯಲ್ಲ. ದೊಡ್ಡಮ್ಮನ ಅನುವಾದದ ಬಗ್ಗೆ ಮಗುವಿನ ಅಭಿಪ್ರಾಯ.

‘ಶಿಶುವಿಗೆ ಸ್ತನ್ಯಪಾನ ಮಾಡಿಸಿದಳು’ ಎಂದು ಬರೆದಿದ್ದೀಯಲ್ಲ, ಯಾರ ಮನೆಯಲ್ಲಿ ಹೀಗೆ ಮಾತಾಡುತ್ತಾರೆ? ‘ಹಾಲು ಕುಡಿಸಿದಳು’ ಅನ್ನು, ಸಾಕು. ಉಳಿದಂತೆ ಚೆನ್ನಾಗಿ ಬರುತ್ತಿದೆ. ಗೇಶಾ ಅಂದರೆ ಹಾಡಿ ಕುಣಿಯುವ ಕಲಾವಿದೆ ಎಂದು ಗೊತ್ತಿರಲಿಲ್ಲ, ನಾನೂ ಎಲ್ಲರ ಹಾಗೆ ಬೇರೇನೋ ಅಂದುಕೊಂಡಿದ್ದೆ. ಆರು ವರ್ಷದ ಹುಡುಗಿಯನ್ನು ಆ ಮನೆಗೆ ತಂದುಬಿಟ್ಟು ಅಪ್ಪ ಹಿಂತಿರುಗಿ ನೋಡದೆ ಹೋಗುವುದು, ಅವಳು ಚಳಿಯಲ್ಲಿ ಬರಿಗೈಯಲ್ಲಿ ಮೂರು ತಂತಿಯ ವಾದ್ಯ ಅಭ್ಯಾಸ ಮಾಡುವುದು, ಬೆರಳು ಒಡೆದರೂ ನಗುವುದನ್ನು ಕಲಿಯುವುದು... ಇನ್ನೂರು ವರ್ಷ ಹಿಂದಿನ ಜಪಾನಿನ ಹೆಂಗಸು ನನ್ನ ಅಡುಗೆಮನೆಯೊಳಗೆ ಬಂದು ನಿಂತಿದ್ದಾಳೆ.

ಅತ್ತೆಗೆ ನಿನ್ನ ಪುಸ್ತಕದ್ದೇ ಧ್ಯಾನ. ಶನಿವಾರ ಶನಿವಾರ ವಾಚನಾಲಯದಲ್ಲಿ ಅವರ ಒಂಬತ್ತು ಜನರ ಗುಂಪು ಸೇರುತ್ತದಲ್ಲ, ಒಬ್ಬರು ಓದುವುದು, ಉಳಿದವರು ಕೇಳುವುದು. ಅರ್ಧ ಜನ ಕಣ್ಣಿನ ಆಪರೇಷನ್ನಿಗೆ ಕಾದಿರುವವರು. “ನಿಮ್ಮಕ್ಕನ ಮೊದಲ ಪ್ರತಿ ನಮ್ಮ ಗುಂಪಿಗೇ ಬರ್ಬೇಕು, ಹೇಳ್ಬಿಡು” ಅನ್ನುತ್ತಾರೆ. ಹೇಳಿದ್ದೇನೆ.

ಫೋನು ಮಾಡಬೇಡ. ಮಗು ಏಳುತ್ತದೆ, ಅತ್ತೆಗೂ ಕೇಳಿಸುತ್ತದೆ. ಬರೆ.

ನಿನ್ನ
ಸಣ್ಣಿ


ಮಾರ್ಚ್ 10

ಸಣ್ಣಿ,

ಹಾಲು ಕುಡಿಸಿದಳು ಎಂದೇ ಮಾಡಿದೆ. ನಿನ್ನ ಕಿವಿ ಇಲ್ಲದಿದ್ದರೆ ನನ್ನ ಗೇಶಾ ಶಾಲೆಯ ಪಠ್ಯಪುಸ್ತಕದ ಹಾಗೆ ಮಾತಾಡುತ್ತಿದ್ದಳು.

ಒಂಬತ್ತನೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಮಗುವಿಗೆ ಎರಡು ತಿಂಗಳು. ಅವಳು ಮತ್ತೆ ಕುಣಿಯಲು, ಹಾಡಲು ಹೋಗಬೇಕು ಎಂದು ಮನೆಯ ಒಡತಿ ಹೇಳಿಕಳಿಸುತ್ತಾಳೆ. ಆಮೇಲೆ ಒಂದೇ ಸಾಲು: ‘ಆ ದಿನ ಅವಳು ಸೇತುವೆಯವರೆಗೆ ಹೋಗಿ ಬಂದಳು.’ ಅಷ್ಟೇ! ಮುಂದಿನ ಸಾಲಿನಲ್ಲಿ ಮುಡಿ ಕಟ್ಟಿಸಿಕೊಳ್ಳುತ್ತಾ ಕೂತಿದ್ದಾಳೆ.

ಯಾಕೆ ಹೋದಳು? ಹಾರಲೆಂದೇ? ಗಾಳಿಗೆಂದೇ? ಸುಮ್ಮನೆಯೇ? ಮಗು ಎಲ್ಲಿತ್ತು? ನಾಲ್ಕು ದಿನದಿಂದ ಆ ಸಾಲಿನ ಮುಂದೆ ಕೂತಿದ್ದೇನೆ. ನಾನು ಮದುವೆಯಾದವಳಲ್ಲ, ಹೆತ್ತವಳಲ್ಲ. ನೀನು ಹೇಳು. ನನಗೆ ಅರ್ಥವಾದರೆ ಆ ಸಾಲನ್ನು ಸರಿಯಾದ ತೂಕದಲ್ಲಿ ಇಡಬಲ್ಲೆ.

ಅಕ್ಕ


ಮಾರ್ಚ್ 19

ಅಕ್ಕಾ,

ಇದನ್ನು ಮೂರು ಸಲ ಬರೆದು ಹರಿದೆ. ನನಗೆ ಸೇತುವೆ ಗೊತ್ತಿಲ್ಲ, ಬಸ್ಸು ಗೊತ್ತು.

ಫೆಬ್ರವರಿಯ ಎರಡನೆಯ ಶನಿವಾರ. ಅತ್ತೆ ವಾಚನಾಲಯಕ್ಕೆ ಹೋಗಿದ್ದರು, ಇವರು ಕನ್ನಡಕದ ಅಂಗಡಿಯಲ್ಲಿ. ಮಗು ಬೆಳಿಗ್ಗೆಯಿಂದ ಅಳುತ್ತಿತ್ತು. ಹಾಲು ಕುಡಿಸಿದೆ, ಬಟ್ಟೆ ಬದಲಿಸಿದೆ, ಹೆಗಲಿಗೆ ಹಾಕಿಕೊಂಡು ನಡೆದೆ. ಕಿಟಕಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ, ಬಾಗಿಲಿಂದ ಕಿಟಕಿಗೆ ಹನ್ನೊಂದು. ಹೆರಿಗೆಯಾದಂದಿನಿಂದ ಒಂದೇ ಸಮ ಎರಡು ಗಂಟೆ ಮಲಗಿದ್ದು ನೆನಪಿಲ್ಲ. ಸಿಟ್ಟು ಬಂದಿದ್ದರೆ ನನಗೇ ಅರ್ಥವಾಗುತ್ತಿತ್ತು. ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದೆ, ಹೊದಿಕೆ ಸರಿಮಾಡಿದೆ, ಬಾಗಿಲಿಗೆ ಬೀಗ ಹಾಕಿದೆ, ರಸ್ತೆ ದಾಟಿದೆ.

ಬಸ್ ಸ್ಟಾಪಿನಲ್ಲಿ ಮೂರು ಬಸ್ಸು ಬಂದು ಹೋದವು. ನಾಲ್ಕನೆಯದಕ್ಕೆ ಹತ್ತಿದೆ. ಕಂಡಕ್ಟರ್ “ಎಲ್ಲಿಗಮ್ಮಾ?” ಅಂದ. “ಕೊನೇ ಸ್ಟಾಪು” ಅಂದೆ. ಕೊನೆಯ ಸ್ಟಾಪು ಯಾವುದೆಂದು ನನಗೆ ಗೊತ್ತೂ ಇಲ್ಲ ಅಕ್ಕಾ.

ಕಿಟಕಿಗೆ ತಲೆ ಆನಿಸಿದ್ದೇ ತಡ, ನಿದ್ದೆ ಬಂತು. ಇದನ್ನೇ ನಾನು ಯಾರಿಗೂ ಹೇಳಲಾರೆ. ಹೋಗಿದ್ದನ್ನಾದರೂ ಹೇಳಿಯೇನು, ಮಲಗಿದ್ದನ್ನು ಹೇಗೆ ಹೇಳಲಿ? ಹುಟ್ಟಿದಾಗಿನಿಂದ ಅಷ್ಟು ಸಿಹಿಯಾದ ನಿದ್ದೆ ಮಾಡಿಲ್ಲ. ಎಷ್ಟು ಹೊತ್ತೋ. ಎದೆಯೆಲ್ಲ ಒದ್ದೆಯಾಗಿ ಎಚ್ಚರವಾಯಿತು. ಕರುಳು ಎಚ್ಚರಿಸಿತು ಅಂತ ಹೇಳುತ್ತಾರಲ್ಲ, ಸುಳ್ಳು. ಎಚ್ಚರಿಸಿದ್ದು ಕರುಳಲ್ಲ, ಹಾಲು.

ಇಳಿದು, ವಾಪಸ್ ಬರುವ ಬಸ್ಸು ಹಿಡಿದು, ಸ್ಟಾಪಿನಿಂದ ಮನೆಗೆ ಓಡಿದೆ. ಮಗುವಿನ ದನಿ ಬಾಗಿಲಾಚೆ ಕೇಳಲಿಲ್ಲ, ಪ್ರಾಣವೇ ಹೋಯಿತು. ಅತ್ತು ಅತ್ತು ದನಿ ಕಟ್ಟಿಹೋಗಿತ್ತು, ಅಷ್ಟೇ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಎತ್ತಿಕೊಂಡು ಐದು ನಿಮಿಷವಾಗಿಲ್ಲ, ಅತ್ತೆ ಬಂದರು. ನನ್ನ ಕಾಲಲ್ಲಿ ಇನ್ನೂ ಚಪ್ಪಲಿ. ಒಂದು ನನ್ನದು, ಒಂದು ಅತ್ತೆಯದು. “ಮಗೂನ ಎತ್ಕೊಂಡು ಗೇಟಿನ ತನಕ ಹೋಗಿದ್ದೆ” ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗಲೂ ಬಂದವರಿಗೆಲ್ಲ ಹೇಳುತ್ತಾರೆ: “ನಮ್ಮ ಸೊಸೆ ಅರ್ಧ ನನ್ನ ಕಾಲಲ್ಲಿ ನಡೀತಾಳೆ.”

ಮೂರು ದಿನ ಮಗುವಿನ ದನಿ ಬರಲಿಲ್ಲ. ಅತ್ತೆ ಶೀತ ಅಂದುಕೊಂಡರು. ಕಿಟಕಿ ತೆರೆದಿಟ್ಟು ಹೋದದ್ದು ತಾನೇ ಎಂದು ಆ ಮೂರೂ ದಿನ ತಮ್ಮನ್ನು ಬೈದುಕೊಂಡು ಕಣ್ಣೀರು ಹಾಕಿದರು. ಕಿಟಕಿಯನ್ನು ತೆರೆದವಳು ನಾನು. ಸುಮ್ಮನಿದ್ದೆ.

ನಿನ್ನ ಗೇಶಾ ಯಾಕೆ ಹೋದಳೋ ನನಗೆ ತಿಳಿಯದು. ಯಾಕೆ ಬಂದಳೆಂದು ಹೇಳಬಲ್ಲೆ, ಅಷ್ಟೇ. ಓದಿದ ಮೇಲೆ ಇದನ್ನು ಸುಟ್ಟುಬಿಡು.

ಸಣ್ಣಿ


ಮಾರ್ಚ್ 26

ಸಣ್ಣಿ, ನನ್ನ ಕೂಸೇ,

ಒಲೆಗೆ ಹಾಕಿದೆ. ಬೂದಿಯನ್ನೂ ಕದಡಿದೆ.

ನೀನು ಕೆಟ್ಟವಳಲ್ಲ, ದಣಿದವಳು. ಡಾಕ್ಟರ ಹತ್ತಿರ ಹೋಗಿ ನಿದ್ದೆಯ ವಿಷಯ ಹೇಳು. ಬೇರೆ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಒಂಬತ್ತನೆಯ ಅಧ್ಯಾಯವನ್ನು ಈ ಸಲ ನಿನಗೆ ಕಳಿಸುತ್ತಿಲ್ಲ. ಪ್ರಕಾಶಕರು ತುದಿಗಾಲಲ್ಲಿ ನಿಂತಿದ್ದಾರೆ, ನೇರ ಅಚ್ಚಿಗೇ ಕೊಡುತ್ತೇನೆ. ನೀನು ಸ್ವಲ್ಪ ಸುಧಾರಿಸಿಕೋ.

ಅಕ್ಕ


ಸೆಪ್ಟೆಂಬರ್ 14

ಅಕ್ಕಾ,

ಪುಸ್ತಕ ಬಂತು! ಕಟ್ಟು ಬಿಚ್ಚಿದ್ದು ನಾನು, ಹಾರಿಸಿಕೊಂಡು ಹೋದದ್ದು ಅತ್ತೆ. ಮುಖಪುಟದ ಕೊಡೆ ಚೆಂದ ಇದೆ. ನಿನ್ನ ಹೆಸರಿನ ಮೇಲೆ ಕೈಯಾಡಿಸಿದೆ. ಒಳಗೆ ‘ನನ್ನ ಮೊದಲ ಓದುಗಾರ್ತಿಗೆ’ ಎಂದು ಬರೆದಿದ್ದೀಯ. ಇವರು ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿ, “ಅದು ನಮ್ಮನೆಯವಳು” ಅಂದರಂತೆ. ಒಬ್ಬರು ಕನ್ನಡಕವಿಲ್ಲದೆ ಹೌದು ಹೌದು ಅಂದರಂತೆ.

ಮಗು ಈಗ ಹಿಡಿದು ನಿಲ್ಲುತ್ತಾನೆ. ನಾನು ಸ್ವಲ್ಪ ಸ್ವಲ್ಪ ಮಲಗುತ್ತಿದ್ದೇನೆ.

ಗುಂಪಿನಲ್ಲಿ ಓದುವವರ ಗಂಟಲು ಕೆಟ್ಟಿದೆಯಂತೆ. “ನಿಂದು ಒಳ್ಳೇ ದನಿ, ಕಣ್ಣೂ ಸರಿ ಇದೆ, ಮುಂದಿನ ವಾರದಿಂದ ನೀನೇ ಓದು, ಮಗೂನ ನನ್ನ ತೊಡೆ ಮೇಲೆ ಕೂರಿಸ್ಕೋತೀನಿ” ಎಂದು ಅತ್ತೆಯ ಅಪ್ಪಣೆ. ಹಾಗಾಗಿ ಮುಂಚೆ ಓದಿಕೊಳ್ಳುತ್ತಿಲ್ಲ. ಅವರೆಲ್ಲರ ಜೊತೆಗೇ ನನಗೂ ಹೊಸದಾಗಿರಲಿ.

ಸಣ್ಣಿ


ಅಕ್ಟೋಬರ್ 6

ಪುಟ ಇನ್ನೂರ ಹನ್ನೊಂದು.

ಸೇತುವೆಯ ಕೆಳಗಿನ ದೋಣಿ ಎಂದು ಓದಿದೆ. ಮೂರು ದೋಣಿಗಳು ಹೋದವು, ನಾಲ್ಕನೆಯದಕ್ಕೆ ಹತ್ತಿದಳು ಎಂದು ಓದಿದೆ. ಅಂಬಿಗ ‘ಎಲ್ಲಿಗಮ್ಮಾ?’ ಎಂದ ಎಂದು ಓದಿದೆ. ನನ್ನ ನಾಲಿಗೆ ಅಲ್ಲೇ ನಿಂತಿತು.

“ಯಾಕಮ್ಮಾ ನಿಲ್ಲಿಸ್ಬಿಟ್ಟೆ? ಗಂಟಲು ಒಣಗ್ತಾ?” ಅಂದರು ಬೇಕರಿಯವರ ಅಮ್ಮ. ನೀರು ಕೊಟ್ಟರು. ಕುಡಿದೆ. ಒಂಬತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಪುಸ್ತಕ ಮುಚ್ಚಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಓದಿದೆ. ಕೊನೆಯ ದೋಣಿಘಟ್ಟಕ್ಕೆ ಎಂದಳು. ನಿದ್ದೆ ಹೋದಳು. ಅಷ್ಟು ಸಿಹಿಯಾದ ನಿದ್ದೆ ಹುಟ್ಟಿದಾಗಿನಿಂದ ಮಾಡಿರಲಿಲ್ಲ. ಎಚ್ಚರಿಸಿದ್ದು ಕರುಳಲ್ಲ, ಹಾಲು.

ಅಲ್ಲಿಗೆ ಜಗಳ ಶುರುವಾಯಿತು. “ಥೂ, ಹೆತ್ತ ಮಗೂನ ಬಿಟ್ಟು ದೋಣೀಲಿ ನಿದ್ದೆ ಹೊಡೀತಾಳಂತೆ! ಇವಳೂ ಒಬ್ಳು ತಾಯಿ!” ಅಂದರು ನಿವೃತ್ತ ಹೆಡ್‌ಮಿಸ್ಸು.

“ನೀವೆಷ್ಟು ಹೆತ್ತಿದೀರಿ ಹೆಡ್‌ಮಿಸ್ಸೇ?” ಬೇಕರಿಯವರ ಅಮ್ಮ.

“ಸಾವಿರ ಮಕ್ಕಳನ್ನ ಬೆಳೆಸಿದೀನ್ರೀ ನಾನು.”

“ಬೆಲ್ ಹೊಡೆದ್ಮೇಲೆ ಮನೆಗೆ ಕಳಿಸ್ತಿದ್ರಲ್ಲ!”

ಎಲ್ಲರೂ ನಕ್ಕರು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು. ಮಗು ಅವರ ತೊಡೆಯ ಮೇಲೆ ಕೂತು ಚಪ್ಪಾಳೆ ತಟ್ಟಿತು. “ಮುಂದೆ ಓದಮ್ಮಾ” ಅಂದರು.

ಮುಂದೆ ಏನಿದೆ ಎಂದು ನನಗೆ ಗೊತ್ತಿತ್ತು. ನೀನು ಅದನ್ನಾದರೂ ಬಿಟ್ಟಿರುತ್ತೀಯ ಎಂಬ ಒಂದು ಎಳೆ ಆಸೆಯಿಂದ ಪುಟ ಮಗುಚಿದೆ. ಅವಳ ಕಾಲಲ್ಲಿ ಎರಡು ಬೇರೆ ಬೇರೆ ಮರದ ಮೆಟ್ಟುಗಳಿದ್ದವು. ಒಂದು ತನ್ನದು, ಒಂದು ಅಡುಗೆಯವಳದು. ಮೂರು ದಿನ ಮಗುವಿನ ದನಿ ಬರಲಿಲ್ಲ. ಚಳಿಗಾಳಿಗೆ ಹೀಗಾಯಿತೆಂದು ಅಡುಗೆಯವಳು ತನ್ನನ್ನೇ ಬೈದುಕೊಂಡಳು.

ಬಸ್ಸನ್ನು ದೋಣಿ ಮಾಡಿದೆ. ಚಪ್ಪಲಿಯನ್ನು ಮರದ್ದು ಮಾಡಿದೆ. ಅತ್ತೆಯನ್ನು ಅಡುಗೆಯವಳು ಮಾಡಿದೆ. ಅಷ್ಟು ಮಾಡಿದರೆ ಸಾಕು ಅಂದುಕೊಂಡೆಯಾ?

ಅತ್ತೆಯ ನಗು ಮುಖದ ಮೇಲೆ ಹಾಗೆಯೇ ಉಳಿದು, ಆಮೇಲೆ ಇಳಿಯಿತು. ಅದು ಇಳಿಯುವುದನ್ನು ನಾನು ನೋಡಿದೆ. ಮಗುವನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಮನೆಗೆ ಬರುವಾಗ ಮಗುವನ್ನು ನನಗೆ ಕೊಡಲಿಲ್ಲ. ಔಷಧಿ ಅಂಗಡಿಯ ತಿರುವಿನಲ್ಲಿ ಒಂದೇ ಮಾತು ಕೇಳಿದರು:

“ಆ ಕಿಟಕಿ ನಾನು ಮುಚ್ಚೇ ಹೋಗಿದ್ದೆ, ಅಲ್ವಾ?”

ಹೌದು ಅಂದೆ.

ಒಲೆಗೆ ಹಾಕಿದೆ ಎಂದು ಬರೆದಿದ್ದೆ. ಹಾಕುವ ಮುಂಚೆ ನಕಲು ಮಾಡಿಕೊಂಡೆಯಾ, ಅಥವಾ ಅಷ್ಟೂ ಬಾಯಿಪಾಠವಾಗಿತ್ತಾ?


ಅಕ್ಟೋಬರ್ 15

ಸಣ್ಣಿ,

ನಕಲು ಮಾಡಿಕೊಳ್ಳಲಿಲ್ಲ. ಬಾಯಿಪಾಠವಾಗಿತ್ತು. ಒಂದೇ ಓದಿಗೆ.

ನಾನು ನೆವ ಹೇಳುವುದಿಲ್ಲ. ನಡೆದದ್ದು ಹೇಳುತ್ತೇನೆ. ಹದಿನಾರು ವರ್ಷದಿಂದ ಬೇರೆಯವರ ವಾಕ್ಯಗಳನ್ನು ಹೊತ್ತು ಹೊತ್ತು ಸಾಗಿಸಿದ್ದೇನೆ. ಆ ಒಂದು ಸಾಲಿನ ಮುಂದೆ ಕೂತಾಗ ನಿನ್ನ ಕಾಗದ ಬಂತು. ಒಂದು ಪ್ಯಾರಾ ಬರೆದು ಹೊಡೆದುಹಾಕೋಣ ಎಂದು ಶುರುಮಾಡಿದೆ. ನಾಲ್ಕು ಪುಟವಾಯಿತು. ಹೊಡೆದುಹಾಕಲು ಕೈ ಬರಲಿಲ್ಲ. ಮೆಟ್ಟಿನ ವಿಷಯ ತೆಗೆಯಬೇಕಿತ್ತು. ಎರಡು ಸಲ ತೆಗೆದೆ, ಎರಡು ಸಲವೂ ಪುಟ ಸತ್ತುಹೋಯಿತು.

ಯಾರಿಗೆ ತಿಳಿಯುತ್ತದೆ ಅಂದುಕೊಂಡೆ. ನಿನ್ನ ಅತ್ತೆ ಆ ಚಪ್ಪಲಿಯ ಕಥೆಯನ್ನು ಊರಿಗೆಲ್ಲ ಹೇಳುತ್ತಾರೆ ಎಂದು ನೀನೇ ಬರೆದಿದ್ದೆ. ಅದು ನನ್ನ ತಲೆಗೇ ಹೋಗಲಿಲ್ಲ ಎಂದರೆ ನಂಬುತ್ತೀಯಾ?

ಪ್ರಕಾಶಕರಿಗೆ ನಲವತ್ತೆರಡು ಪತ್ರ ಬಂದಿವೆ. ಮೂವತ್ತೊಂದರಲ್ಲಿ ಆ ಪುಟಗಳ ಮಾತೇ. ನಿವೃತ್ತ ಸ್ಟೇಷನ್ ಮಾಸ್ಟರೊಬ್ಬರು ತೀರಿಹೋದ ಹೆಂಡತಿಯ ಕ್ಷಮೆ ಕೇಳಿಕೊಂಡು ಬರೆದಿದ್ದಾರೆ. ಕಾಲೇಜು ಹುಡುಗಿಯೊಬ್ಬಳು ಓದಿ ಮುಗಿಸಿ ತನ್ನ ತಾಯಿಗೆ ಫೋನು ಮಾಡಿದಳಂತೆ. ಒಬ್ಬ ವಿಮರ್ಶಕರು ‘ಮೂಲ ಲೇಖಕರ ಸ್ತ್ರೀಹೃದಯದ ಅರಿವು’ ಎಂದು ಎರಡು ಕಾಲಂ ಹೊಗಳಿದ್ದಾರೆ. ಅವರೆಲ್ಲ ಅತ್ತದ್ದು ನಿನಗಾಗಿ, ಸಣ್ಣಿ. ಅದೂ ಏನೂ ಅಲ್ಲವೇ?

ಅಕ್ಕ


ಅಕ್ಟೋಬರ್ 24

ಅಕ್ಕಾ,

ಏನೂ ಅಲ್ಲ. ಅವರು ಗೇಶಾಗಾಗಿ ಅತ್ತರು. ನನಗಾಗಿ ಇಲ್ಲಿ ಯಾರೂ ಅಳಲಿಲ್ಲ.

ಇವರಿಗೆ ನಾನೇ ಹೇಳಿದೆ, ಅತ್ತೆ ಹೇಳುವ ಮುಂಚೆ. “ನನಗ್ಯಾಕೆ ಹೇಳ್ಲಿಲ್ಲ?” ಅಂದರು. “ಹೇಳಿದ್ರೆ ಏನ್ಮಾಡ್ತಿದ್ರಿ?” ಅಂದೆ. ಜೇಬಿನಿಂದ ಬಟ್ಟೆ ತೆಗೆದು ತಮ್ಮ ಕನ್ನಡಕ ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. “ನಿಮ್ಮಕ್ಕನಿಗೆ ಹೇಳ್ದೆಯಲ್ಲ” ಅಂದರು ಕೊನೆಗೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. ಮಂಗಳವಾರ ನಾನು ಬಟ್ಟೆ ಒಣಗಿಸಿ ಒಳಗೆ ಬಂದಾಗ ತೊಟ್ಟಿಲು ಅವರ ಕೋಣೆಯಲ್ಲಿತ್ತು. “ನೀನು ಸ್ವಲ್ಪ ಮಲಗು, ಪಾಪ, ನಿದ್ದೆ ಇಲ್ಲ ನಿನಗೆ” ಅಂದರು. ದನಿ ಮೆತ್ತಗೇ ಇತ್ತು. ಈಗ ಅವರು ಕಣ್ಣಿನ ಆಸ್ಪತ್ರೆಗೆ ಹೋಗುವಾಗ ಮಗುವನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗುತ್ತಾರೆ. ನಾನು ಮನೆಯಲ್ಲೇ ಇರುತ್ತೇನೆ. ಗೋಡೆಯಾಚೆ ಅವನು ನಗುವುದು ಕೇಳಿಸುತ್ತದೆ.

ಸ್ನಾನ ಮಾಡಿಸುವುದು ನಾನೇ. ಅತ್ತೆ ಬಾಗಿಲಲ್ಲಿ ಟವೆಲು ಹಿಡಿದು ನಿಂತಿರುತ್ತಾರೆ. ನೀರು ಬಿಸಿ ಇದೆಯಾ ಎಂದು ನಾನು ಕೈಯದ್ದಿ ನೋಡಿದ ಮೇಲೆ ಅವರೂ ಕೈಯದ್ದಿ ನೋಡುತ್ತಾರೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂದರೆ ಏನೆಂದು ಈಗ ತಿಳಿಯಿತು. ಕಾಯುತ್ತಿರುವುದು ನನ್ನಿಂದ.

ನೀನು ಕೇಳಿದ್ದಿದ್ದರೆ? ‘ಸಣ್ಣಿ, ಇದನ್ನು ಹಾಕಿಕೊಳ್ಳಲಾ?’ ಅಂತ ಒಂದು ಸಾಲು. ಬೇಡ ಅನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ. ಅದಕ್ಕೇ ಆ ಅಧ್ಯಾಯದ ಹಾಳೆಗಳೂ ಬರಲಿಲ್ಲ. ಅಚ್ಚಿನ ಅವಸರವಂತೆ! ಎಂಟು ಅಧ್ಯಾಯಕ್ಕೆ ಬೇಕಾದ ಮೊದಲ ಓದುಗಾರ್ತಿ ಒಂಬತ್ತನೆಯದಕ್ಕೆ ಬೇಡವಾದಳು.

ಮೂಲದವನು ಒಂದು ಸಾಲು ಬರೆದು ಅವಳ ಪಾಡಿಗೆ ಅವಳನ್ನು ಬಿಟ್ಟಿದ್ದ. ಅವನಿಗೆ ಗೊತ್ತಿತ್ತೋ ಏನೋ, ಅಲ್ಲಿಂದ ಮುಂದೆ ಹಿಂಬಾಲಿಸಬಾರದು ಎಂದು.

ಸಣ್ಣಿ ಎಂದು ಇನ್ನು ಬರೆಯಬೇಡ. ಆ ಹೆಸರಿನವಳು ನಿನಗೆ ಎಲ್ಲವನ್ನೂ ಹೇಳುತ್ತಿದ್ದಳು.


ನವೆಂಬರ್ 20

ತಂಗೀ,

ಎರಡನೆಯ ಮುದ್ರಣಕ್ಕೆ ಕೇಳುತ್ತಿದ್ದಾರೆ. ಆ ನಾಲ್ಕು ಪುಟ ಇರಲಾ, ತೆಗೆಯಲಾ? ಈ ಸಲ ಕೇಳುತ್ತಿದ್ದೇನೆ. ತಡವಾಯಿತೆಂದು ಗೊತ್ತು. ತೆಗೆ ಅಂದರೆ, ಮೂಲದಲ್ಲಿರಲಿಲ್ಲವೆಂದು ಪ್ರಕಾಶಕರಿಗೆ ಹೇಳಿಯೇ ತೆಗೆಸುತ್ತೇನೆ. ಆಮೇಲೆ ನನಗೆ ಯಾರೂ ಅನುವಾದ ಕೊಡಲಾರರು. ಇರಲಿ.

ಒಂದು ಪತ್ರ ಜೊತೆಗಿದೆ. ಇದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ನನಗೆ ಉತ್ತರ ಗೊತ್ತಿಲ್ಲ. ನೀನು ಬರೆಯಬೇಕೆಂದೇನಿಲ್ಲ. ನನ್ನ ಹತ್ತಿರ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು, ಅಷ್ಟೇ.

ಅಕ್ಕ


ನವೆಂಬರ್ 8

ಅನುವಾದ ಮಾಡಿದವರಿಗೆ,

ನಾನು ಶಾಲೆಯ ಯೂನಿಫಾರಂ ಹೊಲಿಯುವವಳು. ನಮ್ಮ ಹೊಲಿಗೆ ಕೋಣೆಯಲ್ಲಿ ಹನ್ನೆರಡು ಮಿಷನ್ನು. ಊಟದ ಹೊತ್ತಿನಲ್ಲಿ ನಿಮ್ಮ ಪುಸ್ತಕವನ್ನು ಸರದಿಯ ಮೇಲೆ ಓದುತ್ತೇವೆ. ಎಲ್ಲರಿಗೂ ಆ ರೇಷ್ಮೆ ಬಟ್ಟೆಗಳ ವರ್ಣನೆ ಹಿಡಿಸಿತು, ಹೊಲಿಗೆಯವರಲ್ಲವೇ. ನನಗೆ ಹಿಡಿಸಿದ್ದು ಪುಟ 211.

ನಾನೂ ಒಮ್ಮೆ ಹಾಗೆ ಹೋಗಿದ್ದೆ. ನನ್ನದು ದೋಣಿಯಲ್ಲ. ಸಂಜೆಯೊಳಗೆ ಬಂದೆ. ಮಗಳು ಚೆನ್ನಾಗಿದ್ದಾಳೆ. ಆದರೆ ಮನೆಯವರಿಗೆ ತಿಳಿಯಿತು.

ನನ್ನ ಪ್ರಶ್ನೆ ಒಂದೇ. ದೋಣಿಯಿಂದ ಬಂದ ಮೇಲೆ ಅವಳ ಕೈಗೆ ಮಗುವನ್ನು ಮತ್ತೆ ಕೊಟ್ಟರೋ ಇಲ್ಲವೋ ಪುಸ್ತಕದಲ್ಲಿಲ್ಲ. ಮುಂದಿನ ಪುಟದಲ್ಲಿ ಮುಡಿ ಕಟ್ಟಿಸಿಕೊಳ್ಳುತ್ತಿರುತ್ತಾಳೆ. ಜಪಾನಿ ಭಾಷೆಯ ಪುಸ್ತಕದಲ್ಲಿ ಏನಾದರೂ ಇದೆಯೇ? ಬಿಟ್ಟುಹೋಗಿದ್ದರೆ ದಯವಿಟ್ಟು ತಿಳಿಸಿ.

ನಿಮ್ಮ ಓದುಗಾರ್ತಿ


ಡಿಸೆಂಬರ್ 2

ಯೂನಿಫಾರಂ ಹೊಲಿಯುವ ಅಕ್ಕನವರಿಗೆ,

ನಿಮ್ಮ ಪತ್ರವನ್ನು ಅನುವಾದಕರು ನನಗೆ ಕಳಿಸಿದರು. ನೀವು ದೊಡ್ಡವರೋ ಚಿಕ್ಕವರೋ ತಿಳಿಯದು, ಅಕ್ಕ ಎಂದು ಬರೆಯಲು ಕೈ ಒಂದು ಗಳಿಗೆ ತಡೆಯಿತು. ಬರೆದಿದ್ದೇನೆ.

ಜಪಾನಿ ಪುಸ್ತಕದಲ್ಲಿ ಏನೂ ಇಲ್ಲ. ಅಲ್ಲಿ ದೋಣಿಯೇ ಇಲ್ಲ. ಅವಳು ಸೇತುವೆಯವರೆಗೆ ಹೋಗಿ ಬಂದಳು, ಅಷ್ಟೇ. ಉಳಿದದ್ದೆಲ್ಲ ನನ್ನದು. ದೋಣಿಯಲ್ಲ, ಬಸ್ಸು. ನಾನೊಬ್ಬರಿಗೆ ನಂಬಿ ಹೇಳಿದ್ದು ಪುಸ್ತಕಕ್ಕೆ ಹೋಯಿತು. ಮುಂದಿನ ಮುದ್ರಣದಲ್ಲಿ ಆ ಪುಟಗಳು ಇರುವುದಿಲ್ಲ. ತೆಗೆಯಿರಿ ಎಂದು ಹೇಳಿ ಕಳಿಸಿದ್ದೇನೆ. ನಿಮ್ಮ ಹತ್ತಿರ ಇರುವ ಪ್ರತಿ ನಿಮ್ಮಲ್ಲೇ ಇರಲಿ. ನಿಮ್ಮಿಂದ ಅದನ್ನು ಕಿತ್ತುಕೊಳ್ಳುವ ಮನಸ್ಸಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಇನ್ನೂ ಕೊಟ್ಟಿಲ್ಲ. ಮಗನಿಗೆ ಈ ವಾರ ವರ್ಷ ತುಂಬುತ್ತದೆ. ನನ್ನ ಅತ್ತೆ ಒಳ್ಳೆಯವರು, ಅದೇ ಕಷ್ಟ. ನಿನ್ನೆ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದು ಮೊದಲು ಕೇಳಿದ್ದು, “ಮಗು ಯಾರ ಹತ್ರ ಇದೆ?” “ನನ್ನ ಹತ್ರ” ಅಂದೆ. ಆಮೇಲೆ, “ಮಾತಾಡ್ತಾ ಇರು” ಅಂದರು. “ಏನು ಮಾತಾಡ್ಲಿ?” ಅಂದೆ. “ಏನಾದ್ರೂ. ನೀನು ಇಲ್ಲೇ ಇದೀಯ ಅಂತ ನನಗೆ ಗೊತ್ತಾಗ್ತಿರಲಿ.” ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಏನೇನೋ ಮಾತಾಡಿದೆ. ಇದನ್ನು ಕೊಟ್ಟದ್ದು ಅನ್ನಬೇಕೋ, ಕೊಡದಿದ್ದದ್ದು ಅನ್ನಬೇಕೋ, ನನಗೆ ಹೇಳಲು ಬರುವುದಿಲ್ಲ.

ನಿಮ್ಮ ಮನೆಯವರಿಗೆ ತಿಳಿಯಿತು ಎಂದು ಬರೆದಿರಿ, ಆಮೇಲಿನದನ್ನು ಬರೆಯಲಿಲ್ಲ. ನಿಮ್ಮ ಮಗಳನ್ನು ನಿಮ್ಮ ಕೈಗೆ ಮತ್ತೆ ಕೊಟ್ಟರೇ? ಎಷ್ಟು ದಿನದ ಮೇಲೆ? ಬರೆಯಬೇಕು ಅನ್ನಿಸಿದರೆ ಬರೆಯಿರಿ. ಹೆಸರು ಬೇಡ, ಊರು ಬೇಡ. ಓದಿ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬಸ್ಸು ಹತ್ತಿದವಳು